ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ

ಹೋದ ತಿಂಗಳು ಕೊಪ್ಪಳದಲ್ಲಿ ಸಂಬಂಧಿಕರ ಮದುವೆ. ಊಟಕ್ಕೆ ಕುಳಿತಿದ್ದೆ. ಎಲೆಗೆ ಎಣ್ಣೆಗಾಯಿ ಬಿತ್ತು. ನಾನು ಅಂಗೈಯನ್ನು ಸೌಟಿನಂತೆ ಬಾಗಿಸಿ, ಅದರ ಮೇಲಿನ ಗಾಳಿಯನ್ನು ಎರಡು ಸಲ ಮೆಲ್ಲಗೆ ಮೂಗಿನ ಕಡೆ ತಳ್ಳಿಕೊಂಡು ವಾಸನೆ ನೋಡಿದೆ. ಬಡಿಸುತ್ತಿದ್ದ ಹೆಂಗಸು ಅಲ್ಲೇ ನಿಂತುಬಿಟ್ಟಳು.

"ಯಾಕ್ರೀ ಅಕ್ಕಾ, ಹಳಸೇತೇನ್ರಿ?"

"ಇಲ್ಲವ್ವ, ಭಾಳ ಛಲೋ ಆಗೇತಿ" ಎಂದೆ. ಆದರೆ ಅಷ್ಟರಲ್ಲಿ ನನ್ನ ಅಕ್ಕಪಕ್ಕದ ನಾಲ್ಕು ಎಲೆಗಳಲ್ಲಿ ಎಣ್ಣೆಗಾಯಿ ಎಲೆಯಂಚಿಗೆ ಸರಿದಿತ್ತು. ಕನ್ಯೆಯ ಸೋದರಮಾವ ದೂರದಿಂದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಇದು ಸೊಕ್ಕಲ್ಲ, ಚಟ. ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿ, ಹೊಸ ಸಾಬೂನು, ಎಲ್ಲವನ್ನೂ ನಾನು ಹೀಗೇ ಮೂಸುತ್ತೇನೆ. ತಂಗಿಯ ಬಾಣಂತನಕ್ಕೆ ಹೋದಾಗ ಕೂಸಿನ ನೆತ್ತಿಯನ್ನೂ ಹೀಗೇ ಮೂಸಿದ್ದೆನಂತೆ. ಅವಳು ಇನ್ನೂ ಆಡಿಕೊಳ್ಳುತ್ತಾಳೆ. ನಾನು ರಸಾಯನಶಾಸ್ತ್ರದ ಉಪನ್ಯಾಸಕಿ. ಬಾಟಲಿಗೆ ನೇರ ಮೂಗಿಡಬಾರದು, ಗಾಳಿ ಬೀಸಿಕೊಂಡು ವಾಸನೆ ನೋಡಬೇಕು ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಹಾಗಾದರೆ ಅದನ್ನು ನಾನು ಕಾಲೇಜಿನಲ್ಲಿ ಕಲಿತೆನೆಂದು ನೀವು ತಿಳಿದಿರಬಹುದು. ಕಾಲೇಜಿನಲ್ಲಿ ನಾನು ಅದನ್ನು ಬರೆದು ಅಂಕ ಪಡೆದೆ, ಅಷ್ಟೆ. ಕಲಿತದ್ದು ಕೆಲಸಕ್ಕೆ ಸೇರಿದ ಮೂರನೆಯ ದಿನ.

ಕಾಲೇಜು ಯಲಬುರ್ಗಾ ಸೀಮೆಯ ಒಂದು ಊರಿನಲ್ಲಿತ್ತು. ಹೆಸರು ಬೇಡ, ಆ ಊರಿನಲ್ಲಿ ಈಗಲೂ ನನಗೆ ಚಹಾ ಕೊಡುವ ಮನೆಗಳಿವೆ. ಕೊಪ್ಪಳದಿಂದ ಬಸ್ಸಿನಲ್ಲಿ ಕುಕನೂರಿನ ಮೇಲೆ ಹೋಗಿ ಬರುತ್ತಿದ್ದೆ. ಪ್ರಯೋಗಾಲಯದ ಕಪಾಟಿನಲ್ಲಿ ಚೀಟಿ ಉದುರಿದ ಒಂದು ಬಾಟಲಿ ಸಿಕ್ಕಿತು. ಮಕ್ಕಳೆಲ್ಲ ಹೊಸ ಮೇಡಂ ಏನು ಮಾಡುತ್ತಾರೆಂದು ನೋಡುತ್ತಿದ್ದರು. "ಇದೇನೆಂದು ಈಗ ಪತ್ತೆ ಮಾಡೋಣ" ಎಂದು ಬಿರಡೆ ತೆಗೆದು, ಹೂವಿಗೆ ಮೂಗಿಟ್ಟಂತೆ ಮೂಗಿಟ್ಟೆ. ಅಮೋನಿಯಾ. ತಲೆಯೊಳಗೆ ಯಾರೋ ಒಣಮೆಣಸಿನಕಾಯಿ ಚೀಲ ಝಾಡಿಸಿದಂತಾಯಿತು. ಉಸಿರು ಸಿಗದೆ ಗೋಡೆ ಹಿಡಿದು ನಿಂತಾಗ ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ಬಯಲಿಗೆ ಎಳೆದೊಯ್ದರು. ಕಣ್ಣೀರಿನ ನಡುವೆ ಹಸಿರು ಸೀರೆ ಕಂಡಿತು, ದನಿ ಕೇಳಿಸಿತು.

"ಅಕ್ಕಾರ, ಬಾಟ್ಲಿ ಅಂದ್ರ ಗುರ್ತಿಲ್ಲದ ನಾಯಿ ಇದ್ದಂಗ್ರಿ. ಯಾರರ ಹೋಗಿ ಮೂಗಿಗೆ ಮೂಗು ಹಚ್ತಾರೇನು?"

ಹೀಗೆ ಹುಲಿಗೆವ್ವನ ಪರಿಚಯವಾಯಿತು. ಆಕೆ ನಮ್ಮ ಪ್ರಯೋಗಾಲಯದ ಸಹಾಯಕಿ. ಹೊರಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ಹೊಸದಾಗಿ ನೇಮಕವಾಗಬೇಕು, ಆಗದೆಯೂ ಇರಬಹುದು. ನಾಲ್ಕನೆಯ ತರಗತಿಗೆ ಸಾಲಿ ಬಿಟ್ಟವಳು. ಬಾಟಲಿಗಳ ಮೇಲಿನ ಇಂಗ್ಲಿಷ್ ಓದಲು ಬಾರದು. ಅದಕ್ಕಾಗಿ ತನ್ನದೇ ಒಂದು ಲಿಪಿ ಮಾಡಿಕೊಂಡಿದ್ದಳು: ಬಾಟಲಿಯ ಕೊರಳಿಗೆ ದಾರ. ಕೆಂಪು ದಾರವಿದ್ದರೆ ಸುಡುವುದು, ಕರಿ ದಾರವಿದ್ದರೆ ಕೊಲ್ಲುವುದು, ಹಳದಿ ದಾರವಿದ್ದರೆ ಬೆಂಕಿ ಹತ್ತುವುದು. ನಾನು ಎಂ.ಎಸ್ಸಿ.ಯಲ್ಲಿ ನಾಶಕಾರಿ, ವಿಷಕಾರಿ, ದಹನಶೀಲ ಎಂದು ಮೂರು ಪುಟ ಬರೆದದ್ದನ್ನು ಆಕೆ ಮೂರು ಬಣ್ಣದಲ್ಲಿ ಮುಗಿಸಿದ್ದಳು. ಯಾವುದಾದರೂ ಆಮ್ಲವನ್ನು ಬೀಕರಿಗೆ ಬಗ್ಗಿಸಿದರೆ ಆ ಬೀಕರಿಗೂ ತಕ್ಷಣ ಒಂದು ಕೆಂಪು ದಾರ ಬೀಳುತ್ತಿತ್ತು. "ನೋಡಾಕ ನೀರಿನಂಗ ಇರ್ತೈತ್ರಿ. ಕಳ್ಳ ಎಂದಾದ್ರೂ ಕಳ್ಳನಂಗ ಕಾಣ್ತಾನೇನು?" ಎನ್ನುತ್ತಿದ್ದಳು.

ನನಗೆ ಅದು ಅಷ್ಟೇನೂ ರುಚಿಸಲಿಲ್ಲ. ಸಾಲಾಗಿ ನಿಂತ ಬಾಟಲಿಗಳು ದೃಷ್ಟಿಯಾಗದಿರಲೆಂದು ತಾಯತ ಕಟ್ಟಿಸಿಕೊಂಡ ಕೂಸುಗಳಂತೆ ಕಾಣುತ್ತಿದ್ದವು. ಇದು ವಿಜ್ಞಾನದ ಕೋಣೆ, ದರ್ಗಾದ ಕಿಟಕಿಯಲ್ಲ ಎಂದು ನನ್ನ ಅಭಿಪ್ರಾಯ. ಆದ್ದರಿಂದ ನಾನೇ ಒಂದು ದೊಡ್ಡ ಹಾಳೆಯ ಮೇಲೆ ಸುರಕ್ಷತಾ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದೆ. ನನ್ನ ಅಕ್ಷರ ದುಂಡಗಿದೆ, ಎಲ್ಲರೂ ಹೊಗಳಿದರು. ಹುಲಿಗೆವ್ವ ಮಾತ್ರ ಒಬ್ಬ ವಿದ್ಯಾರ್ಥಿನಿಯಿಂದ ಪೂರ್ತಿ ಓದಿಸಿಕೊಂಡಳು. ಏಳನೆಯ ನಿಯಮಕ್ಕೆ ನಿಲ್ಲಿಸಿದಳು. ಆಮ್ಲ ಸಿಡಿದರೆ ಆ ಭಾಗವನ್ನು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯತಕ್ಕದ್ದು.

"ಅಕ್ಕಾರ, ಹರಿಯೋ ನೀರು ಅಂದ್ರ ಯಾವ್ದ್ರಿ? ನಮ್ಮ ನಳದಾಗ ವಾರಕ್ಕೊಮ್ಮಿ ಬರ್ತೈತಲ್ಲ, ಅದಾ?"

ನಾನು ನಕ್ಕೆ. ಆಕೆ ನಗಲಿಲ್ಲ. ಮರುದಿನ ಪ್ರಯೋಗಾಲಯದ ಮೂಲೆಯಲ್ಲಿ ಎರಡು ನೀಲಿ ಬ್ಯಾರಲ್ಲುಗಳು ಬಂದು ಕುಳಿತಿದ್ದವು. ಬಾಯಿಗೆ ಬಿಳಿ ಬಟ್ಟೆ, ಮೇಲೊಂದು ತಂಬಿಗೆ, ಪಕ್ಕದಲ್ಲಿ ನಾಲ್ಕು ತುಂಬಿದ ಕೊಡ. ಬೋರಿನಿಂದ ತಾನೇ ಹೊತ್ತು ತುಂಬಿದ್ದಳು. ಆಮೇಲೆ ಪ್ರತಿ ಸೋಮವಾರ ಹಳೆಯ ನೀರು ಚೆಲ್ಲಿ ಹೊಸದು ತುಂಬುತ್ತಿದ್ದಳು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ನನ್ನ ಬಾಲ್ಯ ಅಳವಂಡಿಯಲ್ಲಿ ಕಳೆಯಿತು. ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಹೊಡೆಯುವ ಸಂಭ್ರಮ. ಅಪ್ಪ ಹಿತ್ತಲಲ್ಲಿ ಬಾಯಿ ಒಡೆದ ಹರವಿಯೊಳಗೆ ಸುಣ್ಣದ ಹಳ್ಳು ಹಾಕಿ ನೀರು ಸುರಿಯುತ್ತಿದ್ದ. ಸುಮ್ಮನೆ ಕುಳಿತಿದ್ದ ಬಿಳಿ ಕಲ್ಲುಗಳು ಒಮ್ಮೆಲೇ ಎಚ್ಚರಗೊಂಡು ಬುಸುಗುಟ್ಟಿ, ಬಿರಿದು, ಬೆಂಕಿಯೇ ಇಲ್ಲದೆ ಕೊತಕೊತ ಕುದಿಯುತ್ತಿದ್ದವು. ನಾವು ಮಕ್ಕಳು ಕಣ್ಣರಳಿಸಿ ಬಗ್ಗಿದರೆ ಅಜ್ಜಿ ಹಿಂದಿನಿಂದ ಜಡೆ ಹಿಡಿದು ಜಗ್ಗುತ್ತಿದ್ದಳು. "ಗಾಳಿ ಯಾ ಕಡೀಂದ ಬರ್ತೈತಿ ಆ ಕಡೆ ನಿಂದರ್ರಿ, ಹಡದವ್ವಗೋಳ್ರಾ!" ನಾವು ಗಾಳಿಗೆ ಬೆನ್ನು ಕೊಟ್ಟಿದ್ದೇವೆಯೇ ಎಂದು ಆಕೆ ತನ್ನ ಸೆರಗು ಹಾರಿಸಿ ನೋಡುತ್ತಿದ್ದಳು. ಹೊಗೆ ಹೋಗುವ ಕಡೆ ನಿಲ್ಲಬಾರದು ಎಂದು ಮುಂದೆ ನಾನು ಪಾಠ ಮಾಡಿದಾಗ ಅದಕ್ಕೆ ಪುಸ್ತಕದ ಪುಟಸಂಖ್ಯೆ ಕೊಟ್ಟೆ. ಅಜ್ಜಿಯ ಹೆಸರು ಹೇಳಲಿಲ್ಲ. ಹೀಗೆ ನಾವು ಓದಿದವರು ಮೂಲಗಳನ್ನು ನಮೂದಿಸುವುದರಲ್ಲಿ ಬಹಳ ಕಟ್ಟುನಿಟ್ಟು.

ಮತ್ತೆ ಕಾಲೇಜಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಒಂದು ಸುತ್ತೋಲೆ ಬಂತು. ಪ್ರಯೋಗಾಲಯಗಳ ಸುರಕ್ಷತೆಯ ತಪಾಸಣೆ. ಅಧಿಕಾರಿಯೊಬ್ಬರು ಖುದ್ದಾಗಿ ಬರುತ್ತಾರೆ. ನಮ್ಮ ಪ್ರಾಚಾರ್ಯರು ಕೆಟ್ಟ ಮನುಷ್ಯರಲ್ಲ, ಅತಿಥಿಗಳು ಬರುವಾಗ ಒಡೆದ ಕುರ್ಚಿಯನ್ನು ಒಳಮನೆಗೆ ಸಾಗಿಸುವ ಗೃಹಸ್ಥರು. ಪ್ರಯೋಗಾಲಯಕ್ಕೆ ಬಂದು ಸುತ್ತ ನೋಡಿ, ಬ್ಯಾರಲ್ಲುಗಳ ಮುಂದೆ ನಿಂತು ಮುಖ ಸಿಂಡರಿಸಿದರು.

"ಮೇಡಂ, ಇವನ್ನ ಮೊದ್ಲ ತಗಸ್ರಿ. ಬಡತನ ಎದ್ದು ಕಾಣ್ತೈತಿ. ಸಾಹೇಬ್ರು ಲ್ಯಾಬಿಗೆ ಬರಾಕತ್ತಾರ, ಲಗ್ನದ ಅಡಿಗಿ ಮನಿಗಲ್ಲ."

ಬ್ಯಾರಲ್ ಇದ್ದ ಜಾಗದಲ್ಲಿ ಹೊಳೆಯುವ ಹೊಸ ಯಂತ್ರವೊಂದು ಬಂದು ಕುಳಿತಿತು. ಕಣ್ಣು ತೊಳೆಯುವ ಸಾಧನ. ಹಸಿರು ಬಟ್ಟಲು, ಅದರಲ್ಲಿ ಎರಡು ಪುಟ್ಟ ಕಾರಂಜಿಗಳು. ಅದಕ್ಕೆ ನೀರು ಮೇಲಿನ ಟಾಕಿಯಿಂದ ಬರಬೇಕು. ಟಾಕಿಗೆ ನೀರು ನಳದಿಂದ ಬರಬೇಕು. ನಳಕ್ಕೆ ನೀರು ಎಲ್ಲಿಂದ ಬರಬೇಕೆಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು. ನಾನು ಆಗ ಬಾಟಲಿಗಳ ಕೊರಳ ದಾರಗಳನ್ನು ಕತ್ತರಿಸಿ, ಅಚ್ಚು ಹಾಕಿಸಿದ ಇಂಗ್ಲಿಷ್ ಚೀಟಿ ಅಂಟಿಸುವುದರಲ್ಲಿ ಮಗ್ನಳಾಗಿದ್ದೆ. "ಎಲ್ಲ ಸುರಕ್ಷತಾ ಸಾಧನಗಳೂ ಸುಸ್ಥಿತಿಯಲ್ಲಿವೆ" ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಹುಲಿಗೆವ್ವ ಕತ್ತರಿಸಿ ಬಿದ್ದ ದಾರಗಳನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಬ್ಯಾರಲ್ ಎಲ್ಲಿ ಇಡ್ಲಿ ಅಕ್ಕಾರ?"

"ಎಲ್ಲಿಯಾದ್ರೂ ಇಡು ಬೇ. ಕಣ್ಣಿಗೆ ಬೀಳದಂಗ ಇಡು."

ತಪಾಸಣೆಯ ದಿನ ಆಕೆ ಒಳಗೆ ಇರುವುದು ಬೇಡ ಎಂದರು ಪ್ರಾಚಾರ್ಯರು. ಹೊರಗುತ್ತಿಗೆಯವರು ರಾಸಾಯನಿಕ ಮುಟ್ಟುವುದು ಸಾಹೇಬರ ಕಣ್ಣಿಗೆ ಬೀಳಬಾರದಲ್ಲ. ಪಡಸಾಲೆಯಲ್ಲಿ ಚಹಾದ ಕಪ್ಪು ನೋಡಿಕೊಳ್ಳಲು ನಿಲ್ಲಿಸಿದರು.

ಸಾಹೇಬರು ಬಂದರು. ಗೋಡೆಯ ಹಾಳೆ ಓದಿದರು, ದುಂಡಕ್ಷರ ಮೆಚ್ಚಿದರು. "ಒಂದು ಪ್ರಾತ್ಯಕ್ಷಿಕೆ ತೋರಿಸಿ ಮೇಡಂ" ಎಂದರು. ಗಂಧಕಾಮ್ಲವನ್ನು ತಿಳಿ ಮಾಡುವ ಸುರಕ್ಷಿತ ವಿಧಾನ ತೋರಿಸುವುದೆಂದು ನಾನು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ನೀರಿಗೆ ಆಮ್ಲವನ್ನು ಹನಿಹನಿಯಾಗಿ ಸೇರಿಸಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು, ಕುದಿದು ಸಿಡಿಯುತ್ತದೆ. ಇದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಮೇಜಿನ ಮೇಲೆ ಎರಡು ಬೀಕರುಗಳಿದ್ದವು, ಒಂದರಲ್ಲಿ ನೀರು, ಒಂದರಲ್ಲಿ ಆಮ್ಲ, ಎರಡನ್ನೂ ಬೆಳಿಗ್ಗೆ ನನ್ನ ಕೈಯಾರೆ ಇಟ್ಟಿದ್ದೆ. ಎರಡೂ ತಿಳಿ. ಯಾವುದಕ್ಕೂ ದಾರವಿರಲಿಲ್ಲ.

ಪ್ರಾಚಾರ್ಯರು ಮೊಬೈಲು ಹಿಡಿದು ಎದುರಿಗೆ ಬಂದರು. "ಮೇಡಂ, ಆ ಚಸ್ಮಾದಾಗ ನಿಮ್ಮ ಮಾರಿ ಕಾಣಂಗಿಲ್ರಿ. ಸ್ವಲ್ಪ ಮ್ಯಾಲೆ ಸರಸ್ರಿ."

ರಕ್ಷಣಾ ಕನ್ನಡಕವನ್ನು ಹಣೆಯ ಮೇಲೇರಿಸಿದೆ. ಮುಗುಳ್ನಕ್ಕೆ. "ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ" ಎಂದು ಸ್ಪಷ್ಟವಾಗಿ ಉಚ್ಚರಿಸುತ್ತ, ಕ್ಯಾಮೆರಾ ನೋಡುತ್ತ, ಎಡಗೈಯ ನೀರನ್ನು ಬಲಗೈಯ ಆಮ್ಲಕ್ಕೆ ಸುರಿದೆ.

ಅದು ಸದ್ದಲ್ಲ, ಒಂದು ಉಗುಳು. ಬೀಕರು ಬಿಸಿಯಾಗಿ ಕೈಯಿಂದ ಜಾರಿ ಒಡೆಯಿತು. ಎಡ ಮುಂಗೈ ಮೇಲೆ, ಸೀರೆಯ ಮೇಲೆ, ಕೆನ್ನೆಯ ಮೇಲೆ, ಕಣ್ಣಿನ ಅಂಚಿನಲ್ಲಿ ಕೆಂಡದ ಸೂಜಿಗಳು ಚುಚ್ಚಿದವು. ಸಾಹೇಬರು ಎಲ್ಲರಿಗಿಂತ ಮೊದಲು ಹೊರಗೆ ಹೋದರು. ಅದು ನಿಯಮದ ಪ್ರಕಾರ ಸರಿಯೇ. ನಾನು ಕಣ್ಣು ಮುಚ್ಚಿ ಹೊಸ ಯಂತ್ರದ ಕಡೆ ತಡಕಾಡಿದೆ. ಬಟ್ಟಲಿಗೆ ಮುಖ ಇಟ್ಟು ಹಿಡಿ ತಿರುವಿದೆ. ಎರಡು ಪುಟ್ಟ ಕಾರಂಜಿಗಳಿಂದ ಗಾಳಿ ಬಂತು. ನನ್ನ ಸಹಿ ಆದದ್ದು ಆ ಗಾಳಿಗೆ.

ಆಮೇಲೆ ನೆತ್ತಿಯ ಮೇಲೆ ಒಂದು ಕೊಡ ನೀರು ಬಿತ್ತು. ಹಿಂದೆಯೇ ಇನ್ನೊಂದು. ಹಿಂಬಾಗಿಲ ಆಚೆ, ಕಣ್ಣಿಗೆ ಬೀಳದಂತೆ ಇಟ್ಟ ಬ್ಯಾರಲ್ಲಿನಿಂದ ಹುಲಿಗೆವ್ವ ತರುತ್ತಿದ್ದಳು. ನನ್ನನ್ನು ಆ ಬಾಗಿಲ ಹೊಸ್ತಿಲ ಮೇಲೆ ಕೂರಿಸಿ, ಗದ್ದ ಎತ್ತಿ ಹಿಡಿದು, ತಂಬಿಗೆಯಿಂದ ಸಣ್ಣ ಧಾರೆಯಾಗಿ ಕಣ್ಣಿನ ಮೇಲೆ, ಕೆನ್ನೆಯ ಮೇಲೆ, ಕೈ ಮೇಲೆ ಸುರಿಯುತ್ತಲೇ ಇದ್ದಳು.

"ಸಾಕು ಬೇ, ಉರಿ ಕಡಿಮಿ ಆತು" ಎಂದೆ.

"ಸುಮ್ನ ಕುಂದರ್ರಿ! ಹದಿನೈದು ಮಿಂಟ್ ಅಂತ ನೀವ ಬರದೀರಿ."

ಪ್ರಾಚಾರ್ಯರು ಯಾರೋ ಹೇಳಿದರೆಂದು ಅಡುಗೆ ಸೋಡಾದ ಡಬ್ಬಿ ಹಿಡಿದು ಓಡಿ ಬಂದು ನನ್ನ ಕೈಗೆ ಹಾಕಲು ಹೋದರು. ಹುಲಿಗೆವ್ವ ಡಬ್ಬಿ ಕಿತ್ತುಕೊಂಡಳು. "ಅದು ನೆಲಕ್ರಿ ಸರ. ಮೈಗೆ ನೀರ ಹಾಕಬೇಕು." ಕೊನೆಗೆ ಎರಡನೆಯ ಬ್ಯಾರಲ್ಲಿನ ತಳ ಕಂಡ ಮೇಲೆ ನನ್ನನ್ನು ಬಿಟ್ಟಳು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಪರೀಕ್ಷಿಸಿ, "ನೀರು ಯಾರು ಹಾಕಿದ್ದು?" ಎಂದು ಕೇಳಿದರು. ಹೇಳಿದೆ. "ಅವರಿಗೆ ನಮಸ್ಕಾರ ಹೇಳ್ರಿ. ಇಲ್ಲಂದ್ರ ಈ ಕಣ್ಣು ನಿಮ್ಮದಾಗಿರ್ತಿರಲಿಲ್ಲ" ಎಂದರು.

ನಮಸ್ಕಾರ ಹೇಳುವುದಕ್ಕೆ ಮುಂಚೆ ವರದಿ ಬರೆಯಬೇಕಾಗಿ ಬಂತು. ಮೇಲಿನ ಕಚೇರಿ ಕಾರಣ ಕೇಳಿತ್ತು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಕುಳಿತು ಬರೆದೆ: "ಪ್ರಾತ್ಯಕ್ಷಿಕೆಯ ಸಂದರ್ಭದಲ್ಲಿ ಆಮ್ಲಕ್ಕೆ ನೀರು ಸೇರಿಸಲ್ಪಟ್ಟು, ಸದರಿ ದ್ರಾವಣವು ಸಿಡಿಯಲ್ಪಟ್ಟಿರುತ್ತದೆ." ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಪ್ರಯೋಗಗಳಲ್ಲಿ ಅತ್ಯಂತ ಯಶಸ್ವಿಯಾದದ್ದು ಈ ಕರ್ಮಣಿ ಪ್ರಯೋಗ. ಎಲ್ಲವೂ ನಡೆದಿದೆ, ಯಾರೂ ಏನೂ ಮಾಡಿಲ್ಲ.

ಪ್ರಾಚಾರ್ಯರು ಎರಡು ಸಲ ಓದಿದರು. "ಬರದದ್ದು ಛಲೋ ಐತ್ರಿ ಮೇಡಂ. ಆದ್ರ ಮಾಡಿದವ್ರು ಯಾರು ಅಂತ ಇದರಾಗ ಇಲ್ಲಲ್ಲ?"

"ಕರ್ಮಣಿ ಪ್ರಯೋಗದಾಗ ಕರ್ತೃ ಬೇಕಾಗಂಗಿಲ್ರಿ ಸರ್."

"ವ್ಯಾಕರಣಕ್ಕ ಬ್ಯಾಡಾಗಿರಬಹುದು. ಮ್ಯಾಲಿನ ಆಫೀಸಿಗೆ ಬೇಕು." ದನಿ ತಗ್ಗಿಸಿದರು. "ಹುಲಿಗೆವ್ವ ಬೀಕರ್ ಅದಲು ಬದಲು ಇಟ್ಟಿದ್ಲು ಅಂತ ಬರೀರಿ. ಆಕಿದು ಹೊರಗುತ್ತಿಗಿ, ಇವತ್ತಿಲ್ಲ ನಾಳೆ ಬ್ಯಾರೆ ಕಡೆ ಕೆಲಸ ಹಿಡೀತಾಳ. ನಿಮಗ ಸರ್ವಿಸ್ ಐತಿ, ಬಡ್ತಿ ಐತಿ."

ಥೂ ಎಂದು ಎದ್ದು ಬಂದೆನೆಂದು ಬರೆಯಲು ನನಗೂ ಆಸೆಯಿದೆ. ಬರಲಿಲ್ಲ. ಮನೆಗೆ ಹೋಗಿ ಯೋಚಿಸಿದೆ. ನನ್ನ ಯೋಚನೆ ಯಾವಾಗಲೂ ನನ್ನ ಪರವಾಗಿಯೇ ಮುಗಿಯುತ್ತದೆ. ಮರುದಿನ ಎರಡನೆಯ ವರದಿ ಸಿದ್ಧವಾಯಿತು. ಅದರ ಕೆಳಗೆ "ಓದಿ ಹೇಳಲಾಗಿ ಕೇಳಿ ಒಪ್ಪಿರುತ್ತೇನೆ" ಎಂದು ಹುಲಿಗೆವ್ವನ ಸಹಿಗೆ ಜಾಗ ಬಿಟ್ಟಿದ್ದೆ.

ಪ್ರಯೋಗಾಲಯದಲ್ಲಿ ಆಕೆ ನೆಲಕ್ಕೆ ಚೆಲ್ಲಿದ ಸೋಡಾ ಗುಡಿಸುತ್ತಿದ್ದಳು. ಕಾಗದ ಮುಂದಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡಳು.

"ಓದ್ರಿ ಅಕ್ಕಾರ."

"ಏನಿಲ್ಲ ಬೇ, ಮೊನ್ನಿ ಆದದ್ದನ್ನ ಬರದೀನಿ. ಇಲ್ಲೊಂದು ಸಹಿ..."

"ಓದಿ ಹೇಳಲಾಗಿ ಅಂತ ಇರ್ತೈತಲ್ರಿ ಕೆಳಗ. ಓದಿ ಹೇಳ್ರಿ."

ಮೊದಲ ಸಾಲು ಓದಿದೆ. ಎರಡನೆಯ ಸಾಲಿನ ನಡುವೆ "ಸಹಾಯಕಿಯು" ಎಂಬ ಪದ ಬಂತು, ಅದನ್ನೂ ಓದಿದೆ. ಓದಿ ಮುಗಿಸಿದಾಗ ಆಕೆ ಕಸಬರಿಗೆ ಕೆಳಗಿಟ್ಟಳು.

"ಸುರುವಿದವ್ರು ನೀವು, ಸುರುವಿಕೊಂಡವ್ರು ನೀವು. ನಾ ಹೊರಗ ಚಾದ ಕಪ್ ಹಿಡಕೊಂಡು ನಿಂತಾಕಿ. ನಡುವ ನನ್ ಹೆಸರು ಯಾ ದಾರಿಲೆ ಬಂತ್ರಿ?"

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ.

"ನಾ ಬ್ಯಾರಲ್ ಯಾಕ ತುಂಬ್ತಿದ್ದೆ ಅಂತ ಒಂದಿನಾ ಕೇಳಿಲ್ಲ ನೀವು. ಸಣ್ಣಾಕಿದ್ದಾಗ ನಾನು ನನ್ ತಂಗಿ ಸುಣ್ಣದ ಭಟ್ಟಿಗೆ ಕೂಲಿ ಹೋಗ್ತಿದ್ವಿ. ಆಕಿ ಕಣ್ಣಿಗೆ ಸುಣ್ಣ ಸಿಡೀತು. ನೀರಿದ್ದ ಬಾವಿ ಎರಡು ಹೊಲ ದಾಟಿ ಇತ್ತು. ನಾ ಓಡಿ ಹೋಗಿ ತರೋದ್ರೊಳಗ ಕಣ್ಣು ಹೋತು. ಈಗೂ ಆಕಿ ಒಂದಾ ಕಣ್ಣಿಂದ ನನ್ನ ನೋಡ್ತಾಳ." ಆಕೆ ಕೊರಳಿನಿಂದ ಕಪಾಟಿನ ಕೀಲಿಕೈ ತೆಗೆದು ವರದಿಯ ಮೇಲಿಟ್ಟಳು. "ತಗೋರಿ. ನೀವ ಕಾಯ್ಕೋರಿ ನಿಮ್ಮ ಬಾಟ್ಲಿ."

ಹೋಗಿಬಿಟ್ಟಳು. ನಾನು ಆ ಕೀಲಿಕೈಯ ಕೆಳಗಿನ ವರದಿಯನ್ನು ಎಳೆದು ಹರಿದೆ. ಆಮೇಲೆ ಮೂರನೆಯ ವರದಿ ಬರೆದೆ. ಅದು ಎಲ್ಲಕ್ಕಿಂತ ಚಿಕ್ಕದು. "ಆಮ್ಲಕ್ಕೆ ನೀರು ಸುರಿದವಳು ನಾನು. ಬೀಕರುಗಳನ್ನು ಇಟ್ಟವಳೂ ನಾನೇ. ಗುರುತಿನ ದಾರ ತೆಗೆದವಳು ನಾನು. ಕಣ್ಣು ತೊಳೆಯುವ ಸಾಧನದಲ್ಲಿ ನೀರಿಲ್ಲವೆಂದು ನೋಡದೆ ಸಹಿ ಮಾಡಿದವಳು ನಾನು. ಸಹಾಯಕಿ ಹುಲಿಗೆವ್ವ ಸಂಗ್ರಹಿಸಿಟ್ಟ ನೀರಿನಿಂದ ನನ್ನ ಕಣ್ಣು ಉಳಿದಿದೆ." ಕರ್ತೃ ಬೇಕೆಂದಿದ್ದ ಪ್ರಾಚಾರ್ಯರು ಇಷ್ಟೊಂದು ಕರ್ತೃವನ್ನು ಒಟ್ಟಿಗೆ ಕಂಡು ಗಾಬರಿಯಾದರು. ಆದರೂ ಕಳಿಸಿದರು.

ಹುಲಿಗೆವ್ವನ ಮನೆಗೆ ಹೋಗಿ ಅದನ್ನು ಓದಿ ಹೇಳಿದೆ. ಆಕೆ ಕೇಳಿದಳು, ಒಪ್ಪಿದಳು, ಆದರೆ ಮೂರು ದಿನ ಕೆಲಸಕ್ಕೆ ಬರಲಿಲ್ಲ. ಆ ಮೂರು ದಿನ ನೀರು ನಾನೇ ತುಂಬಿದೆ, ಬ್ಯಾಂಡೇಜಿಲ್ಲದ ಕೈಯಿಂದ, ಅರ್ಧರ್ಧ ಕೊಡ. ನಾಲ್ಕನೆಯ ದಿನ ಬಂದವಳು ಬ್ಯಾರಲ್ಲಿನ ಬಟ್ಟೆ ಸರಿಸಿ ಬಗ್ಗಿ ನೋಡಿ, "ತಳದಾಗ ಕಸ ಐತಿ. ತೊಳದು ತುಂಬಬೇಕ್ರಿ" ಎಂದಳು. ಕೀಲಿಕೈ ತೆಗೆದುಕೊಂಡಳು. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು.

ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಶಿಕ್ಷೆಯೆಂಬಂತೆ ಕೊಪ್ಪಳದಲ್ಲಿ ಸುರಕ್ಷತಾ ತರಬೇತಿಗೂ ಹಾಕಿದರು. ಅಲ್ಲಿ ಬ್ಯಾಂಡೇಜು ಇದ್ದದ್ದು ನನ್ನೊಬ್ಬಳ ಕೈಗೇ ಆದ್ದರಿಂದ, "ಅನುಭವಿಗಳು ನಾಲ್ಕು ಮಾತು ಹೇಳಲಿ" ಎಂದು ಮೈಕು ಕೊಟ್ಟರು. ಹೇಳಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಗೆ ನಾನೇ ಸುರಕ್ಷತೆಯ ಸಂಪನ್ಮೂಲ ವ್ಯಕ್ತಿಯಾದೆ. ನಮ್ಮಲ್ಲಿ ಆಮ್ಲಕ್ಕೆ ನೀರು ಸುರಿದವರು ಹೀಗೆ ಮೇಲೆ ಬರುತ್ತಾರೆ. ಹುಲಿಗೆವ್ವನನ್ನು ಕರೆಸಿ ಎಂದು ಪತ್ರ ಬರೆದೆ. ಸಂಪನ್ಮೂಲ ವ್ಯಕ್ತಿಗೆ ಸ್ನಾತಕೋತ್ತರ ಪದವಿ ಇರತಕ್ಕದ್ದು ಎಂದು ಉತ್ತರ ಬಂತು. ಆಗ ಗಂಗಾವತಿಯ ತರಬೇತಿಗೆ "ಪ್ರಾತ್ಯಕ್ಷಿಕೆಗೆ ಸಹಾಯಕಿ" ಎಂದು ಬರೆದು ಕರೆದೊಯ್ದೆ. ಸುಳ್ಳು ವರದಿ ಬರೆದು ಅಭ್ಯಾಸವಿದ್ದದ್ದು ಹೀಗೊಮ್ಮೆ ಉಪಯೋಗಕ್ಕೆ ಬಂತು.

ಅಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಲವತ್ತು ಉಪನ್ಯಾಸಕರು ಕುಳಿತಿದ್ದರು. ನಾನು ಮಾತು ಶುರು ಮಾಡುವ ಮೊದಲೇ ಹುಲಿಗೆವ್ವ ಕೋಣೆಯ ಉದ್ದಗಲ ನಡೆದು ನೋಡಿದಳು.

"ಇಲ್ಲಿ ನೀರು ಎಲ್ಲಿ ಇಟ್ಟೀರಿ?"

ಮುಂದಿನ ಸಾಲಿನ ಸರ್ ಒಬ್ಬರು ನಕ್ಕರು. "ನಮ್ಮ ಕಡೆ ನೀರಿಗೇನು ಬರ ಇಲ್ಲಬೇ ಯಮ್ಮಾ. ಡ್ಯಾಮಿನ ಎಡದಂಡಿ ಕಾಲುವಿ ತುಂಬಿ ಹರೀತೈತಿ."

"ಕಾಲುವಿ ಊರ ಹೊರಗ ಐತ್ರಿ ಸರ. ಕಣ್ಣು ಇಲ್ಲೈತಿ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಎಲ್ಲಾರೂ ಏಳ್ರಿ. ಕಣ್ಣು ಮುಚ್ಚಿ, ನಿಮ್ಮ ಜಾಗದಿಂದ ನಳದ ತನಕ ಹೋಗಿ ಮಾರಿ ತೊಳಕೊಂಡು ಬರ್ರಿ. ಆಮ್ಯಾಲೆ ಅಕ್ಕಾರು ಮಾತಾಡ್ತಾರ."

ನಲವತ್ತು ಮಂದಿ ಸ್ನಾತಕೋತ್ತರ ಪದವೀಧರರು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಸ್ಟೂಲುಗಳಿಗೆ ಎಡವುತ್ತ, ಒಬ್ಬರನ್ನೊಬ್ಬರು ಹಾಯುತ್ತ ನೀರು ಹುಡುಕತೊಡಗಿದರು. ಕಾಲುವೆಯ ಸರ್ ಕಪಾಟಿಗೆ ಮುಖ ಕೊಟ್ಟು ನಿಂತಿದ್ದರು. ಹಿಂದಿನ ಸಾಲಿನ ಮೇಡಂ ಒಬ್ಬರು ಕಿಟಕಿಯ ಚಿಲಕವನ್ನು ನಳವೆಂದು ತಿರುವುತ್ತಿದ್ದರು. ನಾನು ವೇದಿಕೆಯ ಮೇಲೆ ನಿಂತು ನಗು ತಡೆದುಕೊಳ್ಳುತ್ತಿದ್ದೆ.

ಹುಲಿಗೆವ್ವ ನನ್ನ ಕಡೆ ತಿರುಗಿದಳು.

"ನೀವ್ಯಾಕ ನಿಂತೀರಿ ಅಕ್ಕಾರ? ನಿಮಗೇನು ಗೊತ್ತೈತೇನು ನಳ ಎಲ್ಲೈತಿ ಅಂತ?"

ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ವೇದಿಕೆಯಿಂದ ಕೆಳಗಿಳಿದೆ.